ಸೆರಗು ಬಲಕ್ಕೆ ಬಿದ್ದ ಫೋಟೋ

ನಮ್ಮ ಅತ್ತೆಯ ಪ್ರಕಾರ ಫೋಟೋ ತೆಗೆಸಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಮೊದಲು ಮುಖ ತೊಳೆಯಬೇಕು. ಮನೆಯಲ್ಲಿ ಉಟ್ಟ ಸೀರೆ ಬಿಟ್ಟು ಬೀರುವಿನ ಸೀರೆ ಉಡಬೇಕು. ಹಾಲಿನ ಷೋಕೇಸಿನ ಮುಂದೆ ನಿಂತು, ಎರಡು ಕೈಯನ್ನೂ ಹೊಟ್ಟೆಯ ಮೇಲೆ ಜೋಡಿಸಿ, ಉಸಿರು ಬಿಗಿಹಿಡಿದು ನೇರವಾಗಿ ನೋಡಬೇಕು. ನಗಬಾರದು ಎಂದೇನಿಲ್ಲ, ಆದರೆ ಹಲ್ಲು ಕಾಣಿಸಬಾರದು. ಇಷ್ಟೆಲ್ಲ ಆಗುವ ಹೊತ್ತಿಗೆ ತೆಗೆಯುವವರಿಗೇ ಬೇಜಾರು ಬಂದಿರುತ್ತದೆ.

ನನ್ನ ದಾರಿಯೇ ಬೇರೆ. ಯಾರಾದರೂ ನನ್ನ ಕಡೆ ನೋಡಿ ನಕ್ಕರೆ ನಾನು ಫೋನು ಕೆಳಗಿಡುತ್ತೇನೆ. ಪೇಪರನ್ನು ಮುಖಕ್ಕೆ ಮುಚ್ಚಿಕೊಂಡು ದಿವಾನದ ಮೇಲೆ ಮಲಗಿದ ಗಂಡ, ಮೂರನೇ ವಿಷಲ್ಲಿಗೆ ಕಾಯುತ್ತ ಕುಕ್ಕರನ್ನೇ ಗುರಾಯಿಸುವ ಅತ್ತೆ, ಹಳೇ ಏರ್‌ಪೋರ್ಟಿನಿಂದ ಯುದ್ಧವಿಮಾನ ಎದ್ದಾಗ ಮಾತು ಅರ್ಧಕ್ಕೆ ನಿಲ್ಲಿಸಿ ಬಾಯಿ ತೆರೆದುಕೊಂಡೇ ಕೂತ ತಾಯಿ ಮಗ, ನನಗೆ ಬೇಕಾದ್ದು ಇಂಥವು. ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ವಿಮಾನ ದಾಟುವ ತನಕ ಯಾರೂ ಮಾತಾಡುವುದಿಲ್ಲ. ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತೇವೆ. ಆ ನಡುವಿನ ಮುಖಗಳು ನನ್ನ ಹತ್ತಿರ ನೂರಾರಿವೆ.

ಈ ಚಟ ಹತ್ತಿದ್ದು ನನ್ನ ಅಮ್ಮ ತೀರಿಕೊಂಡ ಮೇಲೆ. ನನ್ನ ತವರು ಹಲಸೂರು. ಮಾರ್ಕೆಟ್ಟಿನ ಹಿಂದಿನ ಬೀದಿಯ ಆ ಮನೆಯಲ್ಲಿ ಅಮ್ಮ ದಿನವಿಡೀ ಒಂದಲ್ಲ ಒಂದು ಕೆಲಸ ಮಾಡುತ್ತ, ಬೀದಿಯವರೊಂದಿಗೆ ಕನ್ನಡ ತಮಿಳು ಎರಡನ್ನೂ ಬೆರೆಸಿ ಜಗಳವಾಡುತ್ತ, ಜಗಳದ ನಡುವೆಯೇ ನಕ್ಕುಬಿಡುತ್ತ ಇದ್ದವಳು. ವೈಕುಂಠ ಸಮಾರಾಧನೆಯ ದಿನ ಇಡಲು ಫೋಟೋ ಹುಡುಕಿದರೆ ಸಿಕ್ಕಿದ್ದೆಲ್ಲ ಮದುವೆಮನೆಯ ಗುಂಪು ಫೋಟೋಗಳು. ಎಲ್ಲದರಲ್ಲೂ ಅಮ್ಮ ಪೊಲೀಸ್ ಸ್ಟೇಷನ್ನಿಗೆ ಕರೆತಂದು ನಿಲ್ಲಿಸಿದ ಹಾಗೆ ನಿಂತಿದ್ದಳು. ನನಗೆ ಗೊತ್ತಿದ್ದ ಹೆಂಗಸು ಅವುಗಳಲ್ಲಿ ಒಂದರಲ್ಲೂ ಇರಲಿಲ್ಲ. ಅವತ್ತು ನಾನು ಅತ್ತದ್ದರಲ್ಲಿ ಅರ್ಧ ಅದಕ್ಕೇ.

ಅತ್ತೆಗೆ ನನ್ನ ಈ ಕೆಲಸ ಸುತರಾಂ ಇಷ್ಟವಿರಲಿಲ್ಲ. “ಕದ್ದ ಫೋಟೋ” ಎಂದೇ ಅದಕ್ಕೆ ಹೆಸರಿಟ್ಟಿದ್ದರು. “ಮನೆ ಹರಡ್ಕೊಂಡಿರೋವಾಗ ತೆಗಿತಾಳೆ, ಹಳೇ ಸೀರೇಲಿರೋವಾಗ ತೆಗಿತಾಳೆ. ಬಾಗ್ಲು ಬಡೀದೆ ಬಚ್ಚಲಿಗೆ ಬಂದಂಗೆ ಕಣೇ ಇದು,” ಎಂದು ಗದರುತ್ತಿದ್ದರು. ನಾನು ಅಡಿಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಬೆನ್ನು ತಿರುಗಿಸಿಬಿಡುತ್ತಿದ್ದರು. ಹೀಗಾಗಿ ಅವರ ಫೋಟೋಗಳಲ್ಲಿ ಮುಕ್ಕಾಲು ಪಾಲು ಬೆನ್ನಿನವು. ಒಂದು ತುರುಬು, ಬೆವರಿಗೆ ಒದ್ದೆಯಾದ ರವಿಕೆ, ಪಕ್ಕಕ್ಕೆ ಚಾಚಿದ ಒಂದು ಮೊಣಕೈ. ವಯಸ್ಸಾದವರ ಸಂಕೋಚ ಎಂದುಕೊಂಡು ನಾನೂ ಬೆನ್ನನ್ನೇ ತೆಗೆಯುತ್ತಿದ್ದೆ. ತೆಗೆದದ್ದನ್ನು ಕೂತು ನೋಡುವ ಅಭ್ಯಾಸ ಮಾತ್ರ ನನಗಿರಲಿಲ್ಲ. ಮದುವೆಮನೆಯಲ್ಲಿ ಬಡಿಸಿಕೊಂಡವರೆಲ್ಲ ಉಣ್ಣುವುದಿಲ್ಲವಲ್ಲ, ಹಾಗೆ.

ಕಳೆದ ವರ್ಷ ಒಂದು ಬೆಳಿಗ್ಗೆ ಅತ್ತೆಯ ಕೈಯಿಂದ ಕಾಫಿ ಲೋಟ ಜಾರಿತು. ಅದನ್ನು ಎತ್ತಲು ಬಗ್ಗಿದವರು ಮೇಲೆ ಏಳಲಿಲ್ಲ. ಸ್ಟ್ರೋಕು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಮಾತು ಸ್ವಲ್ಪ ತೊದಲಿದರೂ ಮರಳಿತ್ತು, ಕಾಲು ವಾಕರಿನ ಮೇಲೆ ಹತ್ತು ಹೆಜ್ಜೆ ಇಡುತ್ತಿತ್ತು. ಬಲಗೈ ಮಾತ್ರ ತೊಳೆದು ಹಾಕಿದ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

ಎಪ್ಪತ್ತೆಂಟು ವರ್ಷ ಯಾರ ಕೈಯಲ್ಲೂ ಒಂದು ಲೋಟ ನೀರು ಕೇಳಿ ಕುಡಿಯದ ಹೆಂಗಸು ಅವರು. ಈಗ ನಾನು ತಟ್ಟೆ ಹಿಡಿದು ಮಂಚದ ಪಕ್ಕ ಕೂರಬೇಕಾಯಿತು. ಮೊದಲ ತುತ್ತಿಗೆ ಬಾಯಿ ತೆರೆಯುತ್ತಿದ್ದರು, ಎರಡನೆಯದಕ್ಕೆ ಕಣ್ಣು ಬೇರೆ ಕಡೆ ಹೋಗುತ್ತಿತ್ತು, ನಾಲ್ಕನೆಯದಕ್ಕೆ “ಸಾಕು.” ಗಂಡ ತಿನ್ನಿಸಿದರೂ ಅಷ್ಟೇ. ಹುಳಿ ಬೇಡವೆಂದರೆ ತಿಳಿಸಾರು, ಅದು ಬೇಡವೆಂದರೆ ರವೆಗಂಜಿ, ನಾನು ಮಾಡಿದ್ದೇ ಮಾಡಿದ್ದು. ತೊಂದರೆ ರುಚಿಯದಾಗಿರಲಿಲ್ಲ. ಸೊಸೆ ತುತ್ತು ಇಡುವುದು, ಅದು ಗಲ್ಲಕ್ಕೆ ಇಳಿದರೆ ಟವೆಲಿನಲ್ಲಿ ಒರೆಸುವುದು, ಇದನ್ನು ಅವರಿಂದ ತಡೆಯಲು ಆಗುತ್ತಿರಲಿಲ್ಲ. ಎರಡು ತಿಂಗಳಲ್ಲಿ ಬಳೆಗಳು ಮೊಣಕೈತನಕ ಸಲೀಸಾಗಿ ಹೋಗಿಬರುವಷ್ಟು ಇಳಿದುಹೋದರು. ಹೀಗೇ ಮುಂದುವರಿದರೆ ಮೂಗಿನ ಮೂಲಕ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು.

ಕಮ್ಮನಹಳ್ಳಿಯಿಂದ ವಾರಕ್ಕೆ ಮೂರು ದಿನ ಫಿಸಿಯೋ ಹುಡುಗಿಯೊಬ್ಬಳು ಬರುತ್ತಿದ್ದಳು. ಸ್ಕೂಟರು ನಿಲ್ಲಿಸಿ ಹೆಲ್ಮೆಟ್ಟು ತೆಗೆಯುವಷ್ಟರಲ್ಲೇ ಮಾತು ಶುರು. ಅವಳು ಸರಳವಾಗಿ ಹೇಳಿದಳು: “ಅಜ್ಜಿ, ರೈಟ್ ಹ್ಯಾಂಡ್ ಟೈಮ್ ತಗೊಳತ್ತೆ. ಅಲ್ಲೀವರ್ಗೂ ಲೆಫ್ಟಲ್ಲಿ ಊಟ ಮಾಡಿ. ನೀವೇ ಮಾಡ್ಬಹುದು, ಯಾರೂ ತಿನ್ನಿಸೋದೇ ಬೇಡ.” ಎಡಗೈಗೆ ಚಮಚ ಕೊಟ್ಟಳು. ಅತ್ತೆ ಆ ಚಮಚವನ್ನು ಹಾಸಿಗೆಯ ಮೇಲೆ ಮೆಲ್ಲಗೆ ಇಟ್ಟರು. ಎಡಗೈಯನ್ನು ಸೆರಗಿನ ಒಳಗೆ ಎಳೆದುಕೊಂಡರು.

“ಅದು ಊಟದ ಕೈಯಲ್ಲ,” ಎಂದರು.

ಹುಡುಗಿ ನಕ್ಕು ಮತ್ತೆ ಚಮಚ ಕೊಟ್ಟಳು. ಅತ್ತೆ ನಗಲಿಲ್ಲ. ಆ ವಾರವೆಲ್ಲ ನಾವು ಮೂವರೂ ಪ್ರಯತ್ನಪಟ್ಟೆವು. ನನ್ನ ಗಂಡ ತಾನೂ ಎಡಗೈಯಲ್ಲಿ ಉಪ್ಪಿಟ್ಟು ತಿಂದು ತೋರಿಸಿದರು, ಅರ್ಧ ಅಂಗಿಯ ಮೇಲೆ ಹೋಯಿತು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ಸಿಟ್ಟು ಬಂತು. ಹಟಮಾರಿ ಮುದುಕಿ, ಮಡಿ ಮೈಲಿಗೆ ಅಂತ ಪ್ರಾಣ ಬಿಡುತ್ತಾಳೆ ಎಂದು ಅಡಿಗೆಮನೆಯಲ್ಲಿ ಪಾತ್ರೆಗಳಿಗೆ ಹೇಳಿಕೊಂಡೆ. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಹೇಳಿದ್ದು ಹೌದು.

ಅದಾದ ಒಂದು ದಿನ ಫಿಸಿಯೋ ಹುಡುಗಿ ನನ್ನನ್ನು ಹಾಲಿಗೆ ಕರೆದಳು. “ಆಂಟಿ, ಸುಮ್ನೆ ಬಾಲ್ ಹಿಸುಕಿ ಅಂದ್ರೆ ಅಜ್ಜಿಗೆ ಇಂಟ್ರೆಸ್ಟೇ ಇಲ್ಲ. ಮುಂಚೆ ಮನೇಲಿ ಏನೇನ್ ಮಾಡ್ತಿದ್ರು? ಅವ್ರ ಕೈಗೆ ಗೊತ್ತಿರೋ ಕೆಲ್ಸಾನೇ ಕೊಡೋಣ. ಫೋಟೋ ಏನಾದ್ರೂ ಇದ್ಯಾ?”

ಜೀವಮಾನದಲ್ಲಿ ಮೊದಲ ಸಲ ಯಾರೋ ಬಾಯಿಬಿಟ್ಟು ನಾನು ತೆಗೆದ ಫೋಟೋ ಕೇಳಿದ್ದರು. ನೆಂಟರ ವಾಟ್ಸಾಪ್ ಗುಂಪಿನಲ್ಲಿ ಹಿಂದೆ ಹಾಕಿದ್ದ ಒಳ್ಳೊಳ್ಳೆಯವನ್ನು ತೆಗೆದು ತೋರಿಸಿದೆ. ಹುರುಳಿಕಾಯಿ ಹೆಚ್ಚುವ ಅತ್ತೆ, ಚಪಾತಿ ಮಗುಚುವ ಅತ್ತೆ. ಅವಳು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

“ಆಂಟಿ, ಅಜ್ಜಿ ಸೆರಗು ಬಲಗಡೆ ಹಾಕ್ಕೊಳ್ತಾರಾ? ನೀವು ಎಡಗಡೆ ಉಡ್ಸಿದೀರಲ್ಲ, ಅದಕ್ಕೆ ಕೇಳ್ದೆ.”

“ಬಲಗಡೆ ಯಾರಮ್ಮ ಹಾಕ್ತಾರೆ,” ಎಂದು ನಗುತ್ತ ಫೋನು ಇಸಿದುಕೊಂಡೆ. ನೋಡಿದರೆ ಸೆರಗು ನಿಜವಾಗಿಯೂ ಬಲಭುಜದ ಮೇಲಿತ್ತು. ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಅಂಕಿಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕೂತಿದ್ದವು. ನಾಲ್ಕು ವರ್ಷ ಆ ಫೋಟೋ ಗುಂಪಿನಲ್ಲಿತ್ತು. ಸೀರೆಯ ನೆರಿಗೆ ಒಂದು ಹೆಚ್ಚುಕಮ್ಮಿಯಾದರೆ ದೂರದಿಂದಲೇ ಹೇಳುವ ನಮ್ಮ ನೆಂಟರಲ್ಲಿ ಒಬ್ಬರೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ.

ನಿಧಾನವಾಗಿ ನೆನಪಾಯಿತು. ಸೆಲ್ಫಿ ತೆಗೆದರೆ ಕೆಲವು ಸಲ ಉಲ್ಟಾ ಬರುತ್ತದೆ ಎಂದು ನಾನು ಇನ್ನೂ ಕೆಲಸದಲ್ಲಿದ್ದಾಗ ಇಂದಿರಾನಗರದ ಆಫೀಸಿನಲ್ಲಿ ಯಾರೋ ಹೇಳಿಕೊಟ್ಟಿದ್ದರು. ಅದನ್ನು ಸೀದಾ ಮಾಡುವ ಗುಂಡಿಯನ್ನೂ ತೋರಿಸಿದ್ದರು. ಆ ಹೊಸ ವಿದ್ಯೆಯ ಹುರುಪಿನಲ್ಲಿ, ಅತ್ತೆ ಎಡಗೈಯಲ್ಲಿ ಚಾಕು ಹಿಡಿದಿರುವ ಫೋಟೋ ಕಂಡಾಗ ಫೋನೇ ತಪ್ಪು ಮಾಡಿದೆ ಎಂದು ತೀರ್ಮಾನಿಸಿ ಗುಂಡಿ ಒತ್ತಿದ್ದೆ. ನಮ್ಮತ್ತೆ ಎಡಗೈಯಲ್ಲಿ ತರಕಾರಿ ಹೆಚ್ಚುವುದುಂಟೆ? ಒಂದಲ್ಲ, ಅಂಥ ಏಳೆಂಟು ಫೋಟೋಗಳನ್ನು ಹೀಗೆ ತಿದ್ದಿ ಗುಂಪಿಗೆ ಹಾಕಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ನಾನು ಕನ್ನಡಿ ಹಿಡಿದು ಹುಣ್ಣನ್ನೇ ಆಚೆ ಕೈಗೆ ಸಾಗಿಸಿದ್ದೆ.

ಅವತ್ತು ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಊಟದ ಮೇಜಿನ ಮುಂದೆ ಕೂತು, ತಿದ್ದದ ಮೂಲ ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಹತ್ತು ವರ್ಷಗಳ ಫೋಟೋಗಳು. ಬೆನ್ನಿನವೆಂದು ನಾನು ಅಸಡ್ಡೆ ಮಾಡಿದವುಗಳಲ್ಲಿ ಪಕ್ಕಕ್ಕೆ ಚಾಚಿದ ಮೊಣಕೈ ಪ್ರತಿ ಸಲವೂ ಎಡದ್ದೇ. ಹಿತ್ತಲಿನ ತುಳಸಿಯ ಮುಂದೆ ರಂಗೋಲಿ ಎಳೆಯುವ ಕೈ ಎಡದ್ದು. ಸೌಟು ಎಡಗೈಯಲ್ಲಿ, ಅದರಿಂದ ಒಂದು ತೊಟ್ಟು ಸಾರನ್ನು ಬಲ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡುತ್ತಿದ್ದರು. ಬಾಯಿಗೆ ಹೋಗುವ ಕೈ ಮಾತ್ರ ಬಲದ್ದು. ಹೊರಗಿನವರು ನೋಡಿದರೆ ಎಲ್ಲ ಸರಿಯಾಗಿಯೇ ಇದೆ.

ಕೆಲವನ್ನು ನಾನು ಒಂದರ ಹಿಂದೊಂದು ಮೂರು ನಾಲ್ಕು ತೆಗೆದಿದ್ದೆ. ಅವೇ ನನ್ನ ಕಣ್ಣು ತೆರೆಸಿದ್ದು. ಮೊದಲನೆಯದರಲ್ಲಿ ಚಾಕು ಎಡಗೈಯಲ್ಲಿ. ಎರಡನೆಯದರಲ್ಲಿ ಅತ್ತೆಗೆ ನನ್ನ ಸುಳಿವು ಹತ್ತಿದೆ, ಕತ್ತು ಸ್ವಲ್ಪ ಹೊರಳಿದೆ. ಮೂರನೆಯದರಲ್ಲಿ ಚಾಕು ಬಲಗೈಗೆ ಬಂದಿದೆ, ಮುಖ ಸಿಡುಕುತ್ತಿದೆ. ಅವರು ಹಳೇ ಸೀರೆಯನ್ನು ಮುಚ್ಚಿಟ್ಟದ್ದಲ್ಲ, ಹರಡಿದ ಮನೆಯನ್ನೂ ಅಲ್ಲ. ಮೂವತ್ತು ವರ್ಷ ಒಂದೇ ಸೂರಿನ ಕೆಳಗಿದ್ದು ನನಗೆ ಇದು ಗೊತ್ತಾಗಲಿಲ್ಲ. ನಾನು ಬೆಳಿಗ್ಗೆ ಆಫೀಸಿಗೆ ಹೋದರೆ ಬರುತ್ತಿದ್ದುದು ಸಂಜೆಗೆ. ಅಷ್ಟು ಹೊತ್ತು ಅಡಿಗೆಮನೆ ಅವರೊಬ್ಬರದೇ ಆಗಿತ್ತು. ಭಾನುವಾರಗಳಲ್ಲಿ, ಕೆಲಸ ಬಿಟ್ಟ ಮೇಲೆ ದಿನವೂ, ಪಾಪ ಅವರಿಗೆ ನನ್ನ ಕಾಟ.

ಸಂಜೆ ಗಂಡನಿಗೆ ತೋರಿಸಿದೆ. ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ವಿಮಾನದ ಬಿಡಿಭಾಗಗಳ ಕೂದಲೆಳೆಯಷ್ಟು ದೋಷ ಹಿಡಿಯುತ್ತಿದ್ದ ಮನುಷ್ಯ ಅವರು. ಕನ್ನಡಕ ಹಾಕಿದರು, ತೆಗೆದರು, ಮತ್ತೆ ಹಾಕಿದರು.

“ನಮ್ಮಮ್ಮ ಎಡಚಿನಾ?” ಎಂದರು.

“ಅವ್ರು ಹೆತ್ತಿದ್ದು ನಿಮ್ಮನ್ನಲ್ವಾರೀ. ನೀವು ಹೇಳ್ಬೇಕು.”

ಅವರು ಫೋನು ನನ್ನ ಕೈಗೆ ಮರಳಿಸಿ, “ಅಮ್ಮ ಬೇಜಾರ್ ಮಾಡ್ಕೋತಾಳೆ. ಕೇಳ್ಬೇಡ,” ಎಂದರು. ನಾನು ಕೇಳಲೇಬೇಕೆಂದೆ. ಬಲಗೈಗೆ ಶಕ್ತಿ ಬರಲು ವರ್ಷ ಬೇಕಾಗಬಹುದು. ಆದರೆ ಅನ್ನ ಎತ್ತಲು ಗೊತ್ತಿರುವ ಕೈಯೊಂದು ಸೆರಗಿನ ಒಳಗೆ ಆರಾಮಾಗಿ ಕೂತಿದೆ, ಮೂಗಿಗೆ ನಳಿಗೆ ಯಾಕೆ?

ಫೋನಿನ ಪರದೆಯನ್ನು ಅತ್ತೆ ನೋಡುವುದಿಲ್ಲ, ಕಣ್ಣಿಗೆ ಚುಚ್ಚುತ್ತದೆ ಎನ್ನುತ್ತಾರೆ. ಹಾಗಾಗಿ ಹನ್ನೆರಡು ಫೋಟೋ ಆರಿಸಿಕೊಂಡು ಶಿವಾಜಿನಗರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರದ ಗಲ್ಲಿಯೊಂದರಲ್ಲಿ ದೊಡ್ಡ ಅಳತೆಯ ಪ್ರಿಂಟು ಹಾಕಿಕೊಡುವ ಅಂಗಡಿಯಿದೆ. ಗಡ್ಡ ಬೆಳ್ಳಗಾದ ಅಂಗಡಿಯವರು ಕಂಪ್ಯೂಟರಿನಲ್ಲಿ ಒಂದೊಂದನ್ನೇ ಸರಿಸಿ ನೋಡಿ ನನ್ನತ್ತ ತಿರುಗಿದರು.

“ಮೇಡಂ, ಬರೀ ಬೆನ್ನು, ಕೈ. ಮುಖ ಇರೋದು ಒಂದೂ ಇಲ್ವಲ್ಲ?”

“ಕೈನೇ ಬೇಕಾಗಿರೋದು.”

“ಸ್ವಲ್ಪ ಬ್ರೈಟ್ ಮಾಡ್ಲಾ? ಹಿಂದೆ ಪಾತ್ರೆ ಗೀತ್ರೆ ಎಲ್ಲಾ ತೆಗೆದ್ಬಿಡ್ತೀನಿ, ಕ್ಲೀನ್ ಆಗತ್ತೆ.”

“ಏನೂ ಮಾಡ್ಬೇಡಿ. ಇರೋ ಹಂಗೇ ಕೊಡಿ,” ಎಂದೆ. ಮಷೀನಿನಿಂದ ಮೊದಲ ಪ್ರಿಂಟು ಹೊರಬರುವಾಗ ಅವರು ಅದನ್ನು ಅಂಚಿನಲ್ಲಿ ಹಿಡಿದು ಬೆಳಕಿಗೊಡ್ಡಿದರು. “ನಮ್ ಅಮ್ಮೀದು ಇಂಥದ್ದು ಒಂದ್ ಇದ್ದಿದ್ರೆ,” ಎಂದಷ್ಟೇ ಹೇಳಿ ಕವರಿಗೆ ಹಾಕಿದರು. ಮನೆಯವರು ಬೈದ ಫೋಟೋಗಳಿಗೆ ಹೊರಗಿನವರೊಬ್ಬರು ಬೆಲೆ ಕೊಟ್ಟದ್ದು ನನಗೆ ಹೆಚ್ಚೇ ಖುಷಿ ಕೊಟ್ಟಿತು.

ಮರುದಿನ ಹನ್ನೊಂದು ಗಂಟೆಗೆ, ಗಂಡ ವಾಕಿಂಗಿನ ನೆಪ ಹೇಳಿ ತಪ್ಪಿಸಿಕೊಂಡ ಮೇಲೆ, ಫೋಟೋಗಳನ್ನು ಅತ್ತೆಯ ಹಾಸಿಗೆಯ ಮೇಲೆ ಹರಡಿದೆ. ನಯವಾಗಿ ಹೇಳಬೇಕೆಂದು ರಾತ್ರಿಯಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಅತ್ತೆ ಒಂದೊಂದನ್ನೇ ನೋಡಿದರು. ರಂಗೋಲಿಯದನ್ನು ಬಹಳ ಹೊತ್ತು ನೋಡಿದರು. ಮುಖ ಕೆಂಪಾಯಿತು.

“ಕದ್ದು ನೋಡಿದೀಯ,” ಎಂದರು. ತೊದಲು ಮಾತಿನಲ್ಲೂ ಆ ಸಿಟ್ಟು ಸ್ಪಷ್ಟವಾಗಿತ್ತು.

“ನೋಡಿರ್ಲಿಲ್ಲ ಅತ್ತೆ. ಬರೀ ತೆಗೆದಿದ್ದೆ. ನಿನ್ನೆ ಮೊನ್ನೆ ನೋಡಿದ್ದು.”

“ಯಾರ್ಯಾರಿಗೆ ತೋರಿಸ್ದೆ?”

“ನಿಮ್ಮ ಮಗನಿಗೆ.”

ಅವರು ಕಣ್ಣು ಮುಚ್ಚಿಕೊಂಡರು. ಕಳ್ಳತನ ಸಿಕ್ಕಿಬಿದ್ದವರ ಮುಖ ಅದು. ಕದ್ದವಳು ನಾನು, ಸಿಕ್ಕಿಬಿದ್ದದ್ದು ಅವರು. ಅವರಿಗೆ ಬೇಡವಾದದ್ದನ್ನೇ ಇಷ್ಟು ವರ್ಷ ಬೇಡಬೇಡವೆಂದರೂ ಹಿಡಿದಿದ್ದೆನಲ್ಲ ಎಂದು ನನಗೆ ಕೆಟ್ಟೆನಿಸಿತು. ಕ್ಷಮಿಸಿ ಎನ್ನಬೇಕಿತ್ತು. ಆದರೆ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ, ಅದು ತವರಿನ ಬಳುವಳಿ.

“ಮೂವತ್ತು ವರ್ಷ ಎಡಗೈಲೇ ಹೆಚ್ಚಿದ ಹುರುಳಿಕಾಯಿ ತಿನ್ಸಿದೀರ ನಂಗೆ. ನಾನೇನು ಸತ್ನಾ?” ಎಂದುಬಿಟ್ಟೆ.

ಆಮೇಲೆ ಅತ್ತೆಯ ಹೊಟ್ಟೆ ಅಲುಗಾಡಿತು. ಅಳುತ್ತಿದ್ದಾರೆಂದು ಬಗ್ಗಿ ನೋಡಿದರೆ ನಗುತ್ತಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಹಲ್ಲುಗಳೆಲ್ಲ ಕಾಣುವ ಹಾಗೆ. ನಾನೂ ನಕ್ಕೆ. ಇಬ್ಬರಿಗೂ ಕಣ್ಣಲ್ಲಿ ನೀರು ಬಂತು. ಯಾರದು ಯಾಕೆ ಬಂತೋ ಗೊತ್ತಾಗಲಿಲ್ಲ.

ಅವತ್ತು ಅವರು ಹೇಳಿದ್ದನ್ನು ನಾನು ತುಂಡುತುಂಡಾಗಿ ಕೇಳಿಸಿಕೊಂಡೆ. ನಾಲ್ಕೈದು ವರ್ಷದವರಿದ್ದಾಗ ಮನೆಯ ಅಜ್ಜಿ ಹಳೇ ಸೀರೆಯ ಅಂಚು ಹರಿದು, ಊಟದ ಹೊತ್ತಿಗೆ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದರಂತೆ. ಶಾಲೆಯಲ್ಲಿ ಗೆಣ್ಣಿನ ಮೇಲೆ ಏಟು. ಬರೆಯುವುದು, ಉಣ್ಣುವುದು, ಬಡಿಸುವುದು, ಕುಂಕುಮ ಕೊಡುವುದು, ನಾಲ್ಕು ಜನರೆದುರು ಮಾಡುವುದೆಲ್ಲ ಬಲಗೈಗೆ ಬಂತು. ಬೇಗ ಆಗಬೇಕಾದ್ದು, ಚೆನ್ನಾಗಿ ಆಗಬೇಕಾದ್ದು ಮಾತ್ರ ಎಡಗೈಯಲ್ಲೇ ಉಳಿಯಿತು.

“ಮದ್ವೆ ಆದಾಗ ನಮ್ಮಮ್ಮ ಒಂದೇ ಮಾತು ಹೇಳಿದ್ಳು,” ಎಂದರು ಅತ್ತೆ. “ಅವ್ರಿಗೆ ಗೊತ್ತಾದ್ರೆ ನಿನ್ನ ಕೈ ಅಡಿಗೆ ಯಾರೂ ಉಣ್ಣಲ್ಲ ಅಂತ.”

“ಮಾವನವರಿಗೆ?”

“ಅವ್ರಿಗೂ ಗೊತ್ತಿರ್ಲಿಲ್ಲ.” ಸ್ವಲ್ಪ ಸುಧಾರಿಸಿಕೊಂಡು, “ಅಭ್ಯಾಸ ಆಗೋಯ್ತು ಕಣೇ. ಆಮೇಲೆ ಹೇಳೋಕೆ ಏನಿದೆ?” ಎಂದರು.

ಮಡಿ ಮೈಲಿಗೆ ಎಂದು ನಾನು ಬೈದಿದ್ದೆ. ಇದು ಬೇರೆಯೇ ಆಗಿತ್ತು. ಎಡಗೈಯಲ್ಲಿ ಒಂದು ತುತ್ತು ಎತ್ತಿದರೆ ಅದು ಎಷ್ಟು ಸಲೀಸಾಗಿ ಏಳುತ್ತದೆಂದು ಎಲ್ಲರಿಗೂ ಕಂಡುಬಿಡುತ್ತದೆ. ಅದೊಂದು ಕಾಣದಿರಲಿ ಎಂದು ಆಕೆ ಹಸಿದುಕೊಂಡಿದ್ದರು. ನಾನು ಎದ್ದು ಹೋಗಿ ಒಂದು ತಟ್ಟೆಯಲ್ಲಿ ಮೊಸರನ್ನ ಹಾಕಿಕೊಂಡು ಬಂದು, ಮಂಚದ ಪಕ್ಕದ ಸ್ಟೂಲಿನ ಮೇಲೆ, ಎಡಗಡೆ ಇಟ್ಟೆ. “ನಾನು ಬಟ್ಟೆ ಒಣಹಾಕಿ ಬರ್ತೀನಿ,” ಎಂದು ಬಾಗಿಲು ಮುಂದಕ್ಕೆಳೆದುಕೊಂಡು ಹೊರಟೆ. ಬಾಗಿಲ ಸಂದಿಯಲ್ಲಿ ನೋಡುವ ಆಸೆ ನನ್ನಂಥವಳಿಗೆ ಎಷ್ಟಿರುತ್ತದೆಂದು ಹೇಳಬೇಕಾಗಿಲ್ಲ. ನೋಡಲಿಲ್ಲ. ಮಹಡಿಯ ಮೇಲೆ ಹತ್ತು ಬಟ್ಟೆಗಳನ್ನು ಎರಡೆರಡು ಸಲ ಕೊಡವಿ ಒಣಹಾಕಿ ಕೆಳಗೆ ಬಂದಾಗ ತಟ್ಟೆಯಲ್ಲಿ ಒಂದು ಕರಿಬೇವಿನ ಎಲೆ ಉಳಿದಿತ್ತು.

ಹಾಗೆ ದಿನಕ್ಕೆರಡು ಸಲ ಬಾಗಿಲು ಮುಚ್ಚಿ ಊಟ ನಡೆಯಿತು. ನಾಲ್ಕು ತುತ್ತು ಒಂದು ತಟ್ಟೆಯಾಯಿತು, ಹದಿನೈದು ದಿನಕ್ಕೆ ಮೇಲೊಂದು ಸೌಟು. ಸಾರಿಗೆ ಹುಳಿ ಸಾಲದೆಂದು ಒಳಗಿಂದಲೇ ಬೈಗುಳವೂ ಬರತೊಡಗಿತು. ಡಾಕ್ಟರು ನಳಿಗೆಯ ಮಾತು ಕೈಬಿಟ್ಟರು. ಫಿಸಿಯೋ ಹುಡುಗಿ ಬಂದಾಗ ಹುರುಳಿಕಾಯಿ ತೊಟ್ಟು ಮುರಿಯುವುದು, ಹೂವಿನ ದಾರ ಹಿಡಿಯುವುದು ಎಂದು ಕೈಗೆ ಗೊತ್ತಿದ್ದ ಕೆಲಸಗಳು ಶುರುವಾದವು. ಎಡಗೈ ಮಾಡುತ್ತಿತ್ತು, ಬಲಗೈ ಪಕ್ಕದಲ್ಲಿ ಊರುಗೋಲಿನ ಹಾಗೆ ಒತ್ತಿಕೊಂಡಿರುತ್ತಿತ್ತು. ಆದರೆ ಕಾಲಿಂಗ್ ಬೆಲ್ ಕೇಳಿಸಿದರೆ ಸಾಕು, ಕೈ ಸರ್ರನೆ ಸೆರಗಿನ ಒಳಗೆ. ಎದುರುಮನೆಯವರು ನೋಡಲು ಬಂದು ಒಂದು ಗಂಟೆ ಕೂತಾಗ, ಮುಂದಿಟ್ಟ ಕಾಫಿಯನ್ನು ಆರಲು ಬಿಟ್ಟರೇ ಹೊರತು ಮುಟ್ಟಲಿಲ್ಲ.

ಕೆ.ಆರ್. ಪುರದಲ್ಲಿ ನನ್ನ ಗಂಡನ ಅಕ್ಕನ ಮನೆ. ಅತ್ತೆಯ ಮೊದಲ ಮಗಳು. ಆಚಾರದಲ್ಲಿ ಅಮ್ಮನಿಗಿಂತ ಒಂದು ಕೈ ಹೆಚ್ಚು. ಒಂದು ಭಾನುವಾರ ಊಟಕ್ಕೇ ಬರುತ್ತೇನೆಂದು ಫೋನು ಮಾಡಿದರು. ಅತ್ತೆಗೆ ಮೊದಲೇ ಕೋಣೆಯಲ್ಲಿ ಊಟ ಕೊಟ್ಟುಬಿಡೋಣ ಎಂದು ನಾನೂ ಗಂಡನೂ ಪಿಸುಗುಟ್ಟಿಕೊಂಡೆವು. ಕೇಳಿಸಿಕೊಂಡರೋ ಏನೋ, ಹನ್ನೆರಡು ಗಂಟೆಗೆ ತಟ್ಟೆ ತೆಗೆದುಕೊಂಡು ಹೋದರೆ ಅತ್ತೆ ಬೇಡವೆಂದರು. “ಎಲ್ರ ಜೊತೆ ಕೂತ್ಕೋತೀನಿ,” ಎಂದರು. ಇವತ್ತು ಮತ್ತೆ ಉಪವಾಸ, ನಾಳೆಯಿಂದ ಮತ್ತೆ ಮೊದಲಿನ ಹಾಗೆ ಎಂದುಕೊಂಡೆ.

ವಾಕರು ಹಿಡಿದು ಬಂದು ಊಟದ ಮೇಜಿನ ಮುಂದೆ ಕೂತರು. ಮಗಳು ಪಕ್ಕದ ಕುರ್ಚಿ ಎಳೆದುಕೊಂಡು, ತಾಯಿಯ ತಟ್ಟೆಯನ್ನು ತನ್ನ ಕಡೆಗೆ ಸರಿಸಿಕೊಂಡರು. “ಬಾಮ್ಮ, ನಾನ್ ತಿನ್ನಿಸ್ತೀನಿ. ಎಷ್ಟ್ ದಿನ ಆಯ್ತು ನಿನ್ ಜೊತೆ ಊಟ ಮಾಡಿ,” ಎಂದರು. ಪ್ರೀತಿಯಿಂದಲೇ ಹೇಳಿದರು, ಅದರಲ್ಲಿ ಅನುಮಾನವಿಲ್ಲ.

ಅತ್ತೆ ತಟ್ಟೆಯ ಅಂಚು ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು. ಹಿಡಿದದ್ದು ಎಡಗೈಯಲ್ಲಿ. ಆಮೇಲೆ ಆ ಕೈಯನ್ನು ಹಾಗೇ ಅನ್ನಕ್ಕೆ ಹಾಕಿದರು. ಬಿಸಿ ಅನ್ನ, ಸಾರು, ಮೇಲೆ ತುಪ್ಪ. ಬೆರಳುಗಳು ತಟ್ಟೆಯ ಸುತ್ತ ತಿರುಗಿ, ಒತ್ತಿ, ಮತ್ತೆ ತಿರುಗಿ ಕಲಸಿದವು. ಎಂಥ ಚೆಂದದ ಕಲಸು ಅದು! ಅಷ್ಟು ಹದವಾಗಿ ಕಲಸುವ ಕೈಯನ್ನು ನಾನು ನೋಡಿಲ್ಲ.

“ಅಮ್ಮಾ, ಎಡಗೈ!” ಎಂದರು ಮಗಳು.

ಅತ್ತೆ ಒಂದು ತುತ್ತು ಕಟ್ಟಿದರು. ಅದನ್ನು ತಮ್ಮ ಬಾಯಿಗೆ ಒಯ್ಯಲಿಲ್ಲ. ಸಾರಿನ ಪಾತ್ರೆ ಹಿಡಿದು ನಿಂತಿದ್ದ ನನ್ನ ಕಡೆ ಚಾಚಿದರು. “ಬಾ,” ಎಂದರು. ಈ ಕೈಯ ಅನ್ನ ಯಾರೂ ಉಣ್ಣುವುದಿಲ್ಲ ಎಂದು ಅರವತ್ತು ವರ್ಷದ ಹಿಂದೆ ಅವರಮ್ಮ ಹೇಳಿದ್ದು ನಿಜವೋ ಸುಳ್ಳೋ ಎಂದು ಅವರು ಕೇಳುತ್ತಿದ್ದರು. ಪಾತ್ರೆ ಎಲ್ಲಿಟ್ಟೆನೋ ನೆನಪಿಲ್ಲ. ಬಗ್ಗಿ ಬಾಯಿ ತೆರೆದೆ. ಈ ಮನೆಗೆ ಬಂದ ಮೇಲೆ ನಾನು ಉಂಡ ಮೊದಲ ಕೈತುತ್ತು ಅದು.

ಎರಡನೆಯ ತುತ್ತನ್ನು ಮಗಳ ಮುಂದೆ ಹಿಡಿದರು. ನನ್ನ ಗಂಡ ತಟ್ಟೆಯಿಂದ ತಲೆ ಎತ್ತಿದರು. ಮಗಳು ಆ ಕೈಯನ್ನು ನೋಡಿದರು, ಅಮ್ಮನ ಮುಖ ನೋಡಿದರು, ಮತ್ತೆ ಕೈ ನೋಡಿದರು. ತುತ್ತಿನಿಂದ ತುಪ್ಪ ಇಳಿದು ಅತ್ತೆಯ ಮುಂಗೈಗೆ ಹರಿಯಿತು. ಅವರು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಗಳು ಕಣ್ಣು ಮುಚ್ಚಿ, ಚಿಕ್ಕ ಮಕ್ಕಳ ಹಾಗೆ ಬಾಯಿ ತೆರೆದರು.

ಮೂರನೆಯದನ್ನು, ಎಲ್ಲರೂ ನೋಡುತ್ತಿರುವಂತೆಯೇ, ಅತ್ತೆ ತಾವೇ ಉಂಡರು.